ಗೋಡೌನ್ ಈಗ ಲಾರಿಯ ಮೇಲಿದೆ

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನ ಪುಸ್ತಕದ ಮೊದಲ ಅಧ್ಯಾಯ ನೆನಪಿದೆಯಲ್ಲವೇ? ವ್ಯಾಪಾರಕ್ಕೆ ಅಡ್ಡ ಬರುವ ತೊಡಕುಗಳು, ಅವನ್ನು ನಿವಾರಿಸುವ ಪೂರಕ ಸೇವೆಗಳು. ಸ್ಥಳದ ತೊಡಕನ್ನು ಸಾರಿಗೆ ನಿವಾರಿಸುತ್ತದೆ, ಕಾಲದ ತೊಡಕನ್ನು ಉಗ್ರಾಣ, ನಷ್ಟಭಯವನ್ನು ವಿಮೆ, ಹಣದ ತೊಡಕನ್ನು ಬ್ಯಾಂಕು, ಮಾಹಿತಿಯ ತೊಡಕನ್ನು ಜಾಹೀರಾತು. ಪರೀಕ್ಷೆಗೆ ಬರುತ್ತದೆಂದು ನಾವೆಲ್ಲ ಬಾಯಿಪಾಠ ಮಾಡಿದವರೇ.

ಪುಸ್ತಕದಲ್ಲಿ ಸಾರಿಗೆ ಬೇರೆ, ಉಗ್ರಾಣ ಬೇರೆ. ಆದರೆ ನಮ್ಮ ಹಾಸನದ ಅಂಗಡಿ ಬೀದಿಯಲ್ಲಿ ನೋಡಿದರೆ ಈಗ ಅವೆರಡೂ ಒಂದೇ ಆಗಿಬಿಟ್ಟಿವೆ ಎಂದು ನನಗೆ ಅನಿಸುತ್ತದೆ. ನಾಳೆ ಮಾರಬೇಕಾದ ಸರಕು ಇವತ್ತು ಯಾವ ಗೋಡೌನಿನಲ್ಲೂ ಇಲ್ಲ, ರಸ್ತೆಯ ಮೇಲೆ ಓಡುತ್ತಿರುವ ಲಾರಿಯಲ್ಲಿದೆ. ಹಾಗಾಗಿ ಲಾರಿ ನಿಂತ ದಿನ ಸಾರಿಗೆ ಮಾತ್ರ ನಿಂತಿತು ಎಂದಲ್ಲ, ನಮ್ಮ ಉಗ್ರಾಣಕ್ಕೂ ಬೀಗ ಬಿತ್ತು ಎಂದೇ ಅರ್ಥ. ಈ ಮಾತು ನಿಜವೋ ಅಲ್ಲವೋ ನೋಡೋಣ ಎಂದು ಕಾಲೇಜಿನಿಂದ ಮನೆಗೆ ಹೋಗುವ ದಾರಿಯಲ್ಲಿರುವ ಐದು ಕಡೆ ಒಂದೇ ಪ್ರಶ್ನೆ ಕೇಳಿದೆ: ನಾಳೆಯಿಂದ ಲಾರಿ ಬರಲಿಲ್ಲ ಎಂದುಕೊಳ್ಳಿ, ನಿಮ್ಮಲ್ಲಿರುವ ಮಾಲು ಎಷ್ಟು ದಿನ ಬರುತ್ತದೆ?

ದಿನಸಿ ಅಂಗಡಿಯವರು ಅಕ್ಕಿ, ಬೇಳೆ ಹತ್ತು ದಿನ ಬರುತ್ತದೆ, ಎಣ್ಣೆ ಪ್ಯಾಕೆಟ್, ಸೋಪು, ಬಿಸ್ಕೆಟ್ ನಾಲ್ಕು ದಿನ ಎಂದರು. ತರಕಾರಿ ಅಂಗಡಿಯವರು ನಕ್ಕರು. ಅವರದು ದಿನದಿನದ ಲೆಕ್ಕ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯ ಮಾತ್ರೆಗಳು ಒಂದು ವಾರಕ್ಕೆ ಸಾಕು, ಫ್ರಿಜ್‌ನಲ್ಲಿಡುವ ಇನ್ಸುಲಿನ್ ಮಾತ್ರ ಮೂರು ನಾಲ್ಕು ದಿನಕ್ಕೆ. ಪೆಟ್ರೋಲ್ ಬಂಕ್‌ನಲ್ಲಿ ಎರಡು ದಿನ ಎಂದವರು ‘ಜನ ಗಾಬರಿಯಾದರೆ ಅರ್ಧ ದಿನ’ ಎಂದು ಸೇರಿಸಿದರು. ಗೊಬ್ಬರದ ಅಂಗಡಿಯವರ ಉತ್ತರ ಎಲ್ಲಕ್ಕಿಂತ ಚಿಕ್ಕದು: ಸೀಸನ್‌ನಲ್ಲಿ ಯೂರಿಯಾ ಲಾರಿ ಬಂದ ದಿನವೇ ಖಾಲಿ.

ಇವರನ್ನು ದೂರಬೇಕಾಗಿಲ್ಲ. ಇವರು ನಮ್ಮ ಲೆಕ್ಕಶಾಸ್ತ್ರದ ಪುಸ್ತಕ ಹೇಳಿದ ಹಾಗೇ ನಡೆಯುತ್ತಿದ್ದಾರೆ. ದ್ವಿತೀಯ ಪಿಯುಸಿಯಲ್ಲಿ ಅನುಪಾತಗಳ ಅಧ್ಯಾಯದಲ್ಲಿ ದಾಸ್ತಾನು ವಹಿವಾಟು ಅನುಪಾತ ಬರುತ್ತದೆ. ಮಾರಾಟವಾದ ಸರಕಿನ ವೆಚ್ಚವನ್ನು ಸರಾಸರಿ ದಾಸ್ತಾನಿನಿಂದ ಭಾಗಿಸಬೇಕು. ಉತ್ತರ ದೊಡ್ಡದಾದಷ್ಟೂ ವ್ಯಾಪಾರ ದಕ್ಷ ಎಂದು ನಾವು ಬರೆಯುತ್ತೇವೆ. ಒಂದು ಕಾಲ್ಪನಿಕ ಅಂಗಡಿ ತೆಗೆದುಕೊಳ್ಳೋಣ. ದಿನಕ್ಕೆ 10,000 ರೂಪಾಯಿ ವೆಚ್ಚದ ಸರಕು ಮಾರಾಟವಾಗುತ್ತದೆ, ವರ್ಷಕ್ಕೆ 36.5 ಲಕ್ಷ. ಮೂವತ್ತು ದಿನದ ಮಾಲು ಇಟ್ಟರೆ ದಾಸ್ತಾನು 3 ಲಕ್ಷ, ಅನುಪಾತ ಸುಮಾರು 12. ಐದು ದಿನದ ಮಾಲು ಮಾತ್ರ ಇಟ್ಟರೆ ದಾಸ್ತಾನು 50,000, ಅನುಪಾತ 73. ಎರಡನೆಯದಕ್ಕೆ ಪರೀಕ್ಷೆಯಲ್ಲೂ ಹೆಚ್ಚು ಹೊಗಳಿಕೆ, ಬ್ಯಾಂಕಿನಲ್ಲೂ ಹೆಚ್ಚು ಹೊಗಳಿಕೆ. ಎರಡೂವರೆ ಲಕ್ಷ ರೂಪಾಯಿ ಮಾಲಿನಲ್ಲಿ ಸಿಕ್ಕಿಕೊಳ್ಳದೆ ಉಳಿಯಿತು. ಶೇ 12ರ ಬಡ್ಡಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ 30,000 ಉಳಿತಾಯ.

ಈಗ ರಸ್ತೆ ಮುಚ್ಚಿತು ಎಂದುಕೊಳ್ಳಿ. ಅಂಗಡಿ ಹತ್ತು ದಿನ ಪೂರ್ತಿ ಖಾಲಿಯಾಗಿ ಕುಳಿತಿತು. ದಿನಕ್ಕೆ 1,000 ರೂಪಾಯಿ ಲಾಭ ಎಂದರೆ ನಷ್ಟ 10,000. ಉಳಿಸಿದ್ದು 30,000, ಕಳೆದುಕೊಂಡದ್ದು 10,000. ವರ್ಷಕ್ಕೊಮ್ಮೆ ಹತ್ತು ದಿನ ಘಾಟಿ ಮುಚ್ಚಿದರೂ ಅಂಗಡಿಯವರಿಗೆ ಕಡಿಮೆ ದಾಸ್ತಾನೇ ಲಾಭ!

ನಾನು ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆ. ತಪ್ಪಿಲ್ಲ. ಆದರೆ ಈ ಲೆಕ್ಕದಲ್ಲಿ ಇನ್ನಿಬ್ಬರ ಹೆಸರಿಲ್ಲ. ಒಬ್ಬರು ಆ ಹತ್ತು ದಿನ ಇನ್ಸುಲಿನ್‌ಗೋ ಮಗುವಿನ ಹಾಲಿನ ಪುಡಿಗೋ ಅಲೆದವರು. ಇನ್ನೊಬ್ಬರು ಘಾಟಿಯ ಕೆಳಗೆ ಲಾರಿಯಲ್ಲಿ ಕುಳಿತವರು. ಅವರ ನಷ್ಟ ಯಾರ ಲಾಭ-ನಷ್ಟ ಖಾತೆಯಲ್ಲೂ ಬರುವುದಿಲ್ಲ.

ಅಂಗಡಿ ಮಾತ್ರವಲ್ಲ, ಕಂಪನಿಗಳೂ ಇದೇ ದಾರಿ ಹಿಡಿದವು. ಜಿಎಸ್‌ಟಿ ಬರುವ ಮೊದಲು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾಲು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಕಟ್ಟಬೇಕಿತ್ತು. ತಮ್ಮದೇ ಡಿಪೋಗೆ ಕಳುಹಿಸಿದರೆ ಆ ತೆರಿಗೆ ಇರಲಿಲ್ಲ. ಅದಕ್ಕಾಗಿಯೇ ದೊಡ್ಡ ಕಂಪನಿಗಳು ರಾಜ್ಯ ರಾಜ್ಯದಲ್ಲೂ ಡಿಪೋ ಇಟ್ಟಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಕಾರಣ ಹೋಯಿತು. ಹಲವು ಸಣ್ಣ ಡಿಪೋಗಳ ಬದಲು ದೂರದಲ್ಲೊಂದು ದೊಡ್ಡ ಗೋಡೌನ್ ಸಾಕಾಯಿತು. ಗಡಿಯ ಚೆಕ್‌ಪೋಸ್ಟ್‌ಗಳು ಹೋದವು, ಲಾರಿಗಳ ಓಟ ಸಲೀಸಾಯಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದೇ ಶುರು ಮಾಡಿದ್ದು ನಮ್ಮ ಕರ್ನಾಟಕ. ಈಗಿನ ನಿಯಮದಂತೆ ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನ ಆ ಬಿಲ್ಲಿನ ಅವಧಿ. ಲಾರಿ ದಿನಕ್ಕೆ ಇಷ್ಟು ಓಡಲೇಬೇಕು ಎಂದು ಕಾನೂನೇ ನಂಬಿಕೊಂಡಂತೆ! ಘಾಟಿಯಲ್ಲಿ ಸಿಕ್ಕಿಕೊಂಡರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ಮುಗಿದ ಎಂಟು ಗಂಟೆಯೊಳಗೆ ಕಾರಣ ಕೊಟ್ಟು ವಿಸ್ತರಿಸಿಕೊಳ್ಳಬಹುದು. ನಮ್ಮಲ್ಲಿ ಯಾರಾದರೂ ಮುಂದೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರೆ ಇದು ನೆನಪಿರಲಿ, ಮರೆತರೆ ದಂಡ ಕಟ್ಟಬೇಕಾಗುತ್ತದೆ.

ಇದೆಲ್ಲ ಚೆನ್ನಾಗಿಯೇ ನಡೆಯುತ್ತದೆ, ದಾರಿ ತೆರೆದಿರುವ ತನಕ.

ಹಾಸನದವರಿಗೆ ದಾರಿ ಎಂದರೆ ಶಿರಾಡಿ ಘಾಟಿ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಸಕಲೇಶಪುರ ದಾಟಿ ಗುಂಡ್ಯದ ಕಡೆಗೆ ಇಳಿಯುವ ಭಾಗ. ಮಂಗಳೂರು ಬಂದರಿಗೆ ಬಂದ ಅಡುಗೆ ಎಣ್ಣೆ, ಪಣಂಬೂರಿನ ಕಾರ್ಖಾನೆಯ ಯೂರಿಯಾ, ಮೀನು ಈ ದಾರಿಯಲ್ಲಿ ಮೇಲೆ ಬರುತ್ತವೆ. ನಮ್ಮ ಕಡೆಯ ತರಕಾರಿ, ಸಕಲೇಶಪುರದ ಕಾಫಿ ಕೆಳಗೆ ಇಳಿಯುತ್ತವೆ. ನಕ್ಷೆಯಲ್ಲಿ ನೋಡಿದರೆ ಇದೊಂದೇ ದಾರಿ ಅಲ್ಲ. ಮಡಿಕೇರಿಯಿಂದ ಸಂಪಾಜೆ ಮೇಲೆ ಇಳಿಯಬಹುದು. ಚಾರ್ಮಾಡಿ ಇದೆ, ಆಗುಂಬೆ ಇದೆ. ಆದರೆ ಆ ತಿರುವುಗಳಲ್ಲಿ ಭಾರಿ ಲಾರಿಗಳಿಗೆ ಅನುಮತಿ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ರೈಲು ಹಳಿಯೂ ಇದೆ. ಕರಾವಳಿಯ ಉದ್ದಕ್ಕೂ ಹೋಗುವ ಹೆದ್ದಾರಿ 66 ಇದೆ. ಒಂದು ಮುಚ್ಚಿದರೆ ಇನ್ನೊಂದು ಎಂದು ಯಾರಿಗಾದರೂ ಅನಿಸುತ್ತದೆ.

2018ರಲ್ಲಿ ಏನಾಯಿತು ನೋಡಿ. ಕಾಂಕ್ರೀಟ್ ಹಾಕುವ ಕೆಲಸಕ್ಕೆಂದು ಶಿರಾಡಿಯನ್ನು ಜನವರಿಯಿಂದ ಜುಲೈವರೆಗೆ ಮುಚ್ಚಿದ್ದರು. ಅದು ಮೊದಲೇ ತಿಳಿಸಿ ಮುಚ್ಚಿದ್ದು, ಒಣ ಕಾಲ. ಲಾರಿಗಳು ಸುತ್ತು ಹಾಕಿಕೊಂಡು ಹೋದವು, ಬಾಡಿಗೆ ಏರಿತು, ವ್ಯಾಪಾರ ನಡೆಯಿತು. ಜುಲೈನಲ್ಲಿ ರಸ್ತೆ ತೆರೆಯಿತು. ಒಂದೇ ತಿಂಗಳಲ್ಲಿ, ಆಗಸ್ಟ್ ಮಳೆಗೆ, ಗುಡ್ಡ ಕುಸಿದು ಮತ್ತೆ ಮುಚ್ಚಿತು. ಈ ಸಲ ಸುತ್ತು ದಾರಿಯೂ ಇರಲಿಲ್ಲ. ಅದೇ ಮಳೆ ಕೊಡಗಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯನ್ನು ಕಿತ್ತುಹಾಕಿತ್ತು, ಅದೇ ಮಳೆ ರೈಲು ಹಳಿಯ ಮೇಲೂ ಮಣ್ಣು ತಂದು ಸುರಿದಿತ್ತು.

2024ರ ಜುಲೈನಲ್ಲಿ ಇದೇ ಮತ್ತೆ ನಡೆಯಿತು. 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ಅದೇ ವಾರ ಸಕಲೇಶಪುರದ ಬಳಿ ದೊಡ್ಡತಪ್ಪಲುವಿನಲ್ಲಿ ಮಣ್ಣು ಕುಸಿದು ಶಿರಾಡಿ ನಿಂತಿತು, ತೆರೆಯಿತು, ಮತ್ತೆ ನಿಂತಿತು. ಮಡಿಕೇರಿ–ಸಂಪಾಜೆ ದಾರಿಯಲ್ಲಿ ರಾತ್ರಿ ಸಂಚಾರ ತಡೆದರು. 26ರಂದು ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಆಗಸ್ಟ್ ಆರಂಭದವರೆಗೆ ನಿಂತಿತು.

ಸಂಖ್ಯಾಶಾಸ್ತ್ರ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂರು ದಾರಿಗಳಿವೆ, ಒಂದೊಂದೂ ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಮುಚ್ಚುತ್ತದೆ ಎಂದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮೂರೂ ಒಂದೇ ದಿನ ಮುಚ್ಚುವ ಸಂಭವ ಸಾವಿರ ದಿನಕ್ಕೊಮ್ಮೆ. ಹಾಗಿದ್ದರೆ ನಿಶ್ಚಿಂತೆಯಿಂದ ಇರಬಹುದಿತ್ತು. ಆದರೆ ಇಲ್ಲಿ ಮೂರಕ್ಕೂ ಗುಡ್ಡಸಾಲು ಒಂದೇ, ಮೋಡ ಒಂದೇ. ಒಂದು ಮುಚ್ಚುವ ದಿನವೇ ಉಳಿದವೂ ಮುಚ್ಚುತ್ತವೆ. ಅಂದರೆ ನಕ್ಷೆಯಲ್ಲಿ ಮೂರು ಗೆರೆಗಳಿದ್ದರೂ ಜುಲೈ ತಿಂಗಳ ಮಟ್ಟಿಗೆ ನಮಗಿರುವುದು ಒಂದೇ ದಾರಿ. ಶಿರಾಡಿಯಲ್ಲಿ ಸುರಂಗ ಕೊರೆಯುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಆದರೆ ಒಳ್ಳೆಯದೇ, ಆದರೂ ಅದೇ ಗುಡ್ಡದಲ್ಲಿ ಇನ್ನೊಂದು ದಾರಿಯಾಗುವುದು ಬೇರೆ, ಊರಿನಲ್ಲಿ ನಾಲ್ಕು ದಿನ ಹೆಚ್ಚಿಗೆ ಮಾಲು ಇರುವುದು ಬೇರೆ.

ಎಲ್ಲ ಸರಕಿಗೂ ಈ ತೊಂದರೆ ಒಂದೇ ಅಲ್ಲ. ಕಾಫಿ ಬೀಜ ಕಾಯುತ್ತದೆ, ಟೈಲ್ಸ್ ಕಾಯುತ್ತದೆ. ಮೀನು ಕಾಯುವುದಿಲ್ಲ, ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವುದರಿಂದ ಮೀನಿನವರು ಮಳೆಯ ಮೊದಲ ಪೆಟ್ಟಿನಿಂದ ಹೇಗೋ ಪಾರಾಗುತ್ತಾರೆ. (ನಮ್ಮ ಮನೆಯಲ್ಲಿ ಆ ಎರಡು ತಿಂಗಳು ಮೀನಿನ ಮಾತೇ ಇಲ್ಲ.) ಟೊಮೆಟೊ, ಬೀನ್ಸ್‌ಗೆ ಅಂಥ ಅದೃಷ್ಟವಿಲ್ಲ. ಇನ್ನು ಕೆಲವು ಸರಕು ಕೊಳೆಯುವುದಿಲ್ಲ, ಆದರೆ ತಾರೀಖು ಮೀರಿದರೆ ಬಂದೂ ಪ್ರಯೋಜನವಿಲ್ಲ. ಜೋಳಕ್ಕೆ ಮೇಲುಗೊಬ್ಬರ ಹಾಕುವ ವಾರ ತಪ್ಪಿದ ಮೇಲೆ ಯೂರಿಯಾ ಲಾರಿ ಬಂದರೆ ರೈತ ಏನು ಮಾಡಬೇಕು?

ಈ ಮೂರನೆಯ ಬಗೆಯ ಸರಕಿನಲ್ಲಿ ಎಲ್ಲಕ್ಕಿಂತ ಘೋರವಾದದ್ದನ್ನು 2021ರಲ್ಲಿ ನೋಡಿದೆವು. ಕೋವಿಡ್ ಎರಡನೇ ಅಲೆಯಲ್ಲಿ ದೇಶಕ್ಕೆ ಆಮ್ಲಜನಕ ಬೇಕಾಗಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಅದು ತಯಾರಾಗುತ್ತಿತ್ತು, ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲೂ ತಯಾರಾಗುತ್ತಿತ್ತು. ಕೊರತೆ ಬಿದ್ದದ್ದು ಅತಿ ತಣ್ಣಗಿನ ದ್ರವ ಆಮ್ಲಜನಕವನ್ನು ಹೊರಬಲ್ಲ ಟ್ಯಾಂಕರ್‌ಗಳಿಗೆ. ಖಾಲಿ ಟ್ಯಾಂಕರ್‌ಗಳನ್ನು ವಾಯುಪಡೆಯ ವಿಮಾನದಲ್ಲಿ ಹೊತ್ತು ತಂದರು, ತುಂಬಿದ ಟ್ಯಾಂಕರ್‌ಗಳನ್ನು ರೈಲಿನ ಮೇಲೆ ಏರಿಸಿ ಆಕ್ಸಿಜನ್ ಎಕ್ಸ್‌ಪ್ರೆಸ್ ಓಡಿಸಿದರು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಸಿಲಿಂಡರ್‌ಗಳು ಮೈಸೂರಿನಿಂದ ಬರಬೇಕಿತ್ತು. ಅರವತ್ತು ಕಿಲೋಮೀಟರ್‌ನಷ್ಟೇ ದೂರ. ಮೇ 2ರ ರಾತ್ರಿ ಬೇಕಾದ ಹೊತ್ತಿಗೆ ಬೇಕಾದಷ್ಟು ಬರಲಿಲ್ಲ. 24 ಮಂದಿ ಸತ್ತರು ಎಂಬ ಸುದ್ದಿ ಮರುದಿನ ಬಂತು. ಅಲ್ಲಿ ಗುಡ್ಡ ಕುಸಿದಿರಲಿಲ್ಲ, ರಸ್ತೆ ಚೆನ್ನಾಗಿಯೇ ಇತ್ತು. ಆಸ್ಪತ್ರೆಯಲ್ಲಿ ಆ ರಾತ್ರಿಗೆ ಸಾಕಾಗುವ ದಾಸ್ತಾನು ಇರಲಿಲ್ಲ, ಅಷ್ಟೇ.

ಲಾರಿಯೇ ಬೇಡ, ಬೇರೆ ವ್ಯವಸ್ಥೆ ಮಾಡಿದರೆ? ಮಾಡಿದ್ದಾರೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹಾಸನದ ಮೂಲಕ ಬೆಂಗಳೂರಿನ ಹತ್ತಿರದ ದೇವನಗೊಂದಿಗೆ 2003ರಿಂದಲೂ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್‌ನಲ್ಲಿ ಹರಿದು ಬರುತ್ತಿದೆ. ಉದ್ದ 360 ಕಿಲೋಮೀಟರ್‌ಗೂ ಹೆಚ್ಚು. ಅಡುಗೆ ಅನಿಲಕ್ಕೂ ಮಂಗಳೂರಿನಿಂದ ಹಾಸನ, ಮೈಸೂರು ಕಡೆಗೆ ಪೈಪ್‌ಲೈನ್ ಇದೆ. ಇದು ದೊಡ್ಡ ಅನುಕೂಲ. ಘಾಟಿ ಮುಚ್ಚಿದಾಗಲೂ ನಮ್ಮ ಬಂಕ್‌ಗಳು ಒಣಗದೆ ಇರುವುದಕ್ಕೆ ಮುಖ್ಯ ಕಾರಣ ನೆಲದಡಿಯ ಆ ಕೊಳವೆ. ಆದರೆ ಕೊಳವೆ ಬಂಕ್‌ವರೆಗೆ ಬರುವುದಿಲ್ಲ, ಸಿಲಿಂಡರ್ ಮನೆ ಬಾಗಿಲವರೆಗೆ ಬರುವುದಿಲ್ಲ. ಡಿಪೋದಿಂದ ಕೊನೆಯ ಇಪ್ಪತ್ತು, ಐವತ್ತು ಕಿಲೋಮೀಟರ್ ಮತ್ತೆ ಲಾರಿಯೇ. ದೇಶದೊಳಗೆ ಸಾಗುವ ಸರಕಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಸ್ತೆಯ ಮೇಲೆ ಹೋಗುತ್ತದೆ. ಉಳಿದದ್ದು ರೈಲಿನಲ್ಲೋ ಕೊಳವೆಯಲ್ಲೋ ಹಡಗಿನಲ್ಲೋ ಬಂದರೂ ಕೊನೆಗೆ ಲಾರಿ ಹತ್ತದೆ ಅಂಗಡಿಗೆ ಬರುವುದು ಅಪರೂಪ.

ಲಾರಿ ಎಂದ ಮೇಲೆ ಅದನ್ನು ಓಡಿಸುವವರ ಮಾತು ಬರಲೇಬೇಕು. ನಮ್ಮ ಪುಸ್ತಕದ ಸಾರಿಗೆಯ ಪಾಠದಲ್ಲಿ ಡ್ರೈವರ್ ಎಂಬ ಪದವನ್ನು ಹುಡುಕಿದೆ, ಸಿಗಲಿಲ್ಲ. ನಮ್ಮ ತರಗತಿಯಲ್ಲಿ ಮಾತ್ರ ಅಬ್ಬಾ, ಮಾಮು, ಅಣ್ಣ ಯಾರಾದರೊಬ್ಬರು ಡ್ರೈವರ್, ಕ್ಲೀನರ್, ಮೆಕ್ಯಾನಿಕ್, ಟಿಂಕರಿಂಗ್, ಪಂಕ್ಚರ್ ಅಂಗಡಿ, ಹಣ್ಣಿನ ಮಂಡಿ ಎಂದು ಈ ಲೈನಿನಲ್ಲಿ ಇರುವವರು ಬಹಳ. ನನ್ನ ಚಾಚಾ ಹದಿನೆಂಟು ವರ್ಷದಿಂದ ಲಾರಿ ಓಡಿಸುತ್ತಿದ್ದಾರೆ. 2024ರ ಜುಲೈನಲ್ಲಿ ಟೊಮೆಟೊ ಲೋಡ್ ಮಾಡಿಕೊಂಡು ಮಂಗಳೂರಿಗೆ ಹೊರಟವರು ಸಕಲೇಶಪುರದಲ್ಲಿ ಎರಡು ರಾತ್ರಿ ನಿಂತರು. ಮೂರನೆಯ ದಿನ ಕೆಳಗಿನ ಕ್ರೇಟುಗಳಿಂದ ನೀರು ಸೋರತೊಡಗಿತು. ಮಾಲು ತಲುಪಿದಾಗ ಅಲ್ಲಿನ ವ್ಯಾಪಾರಿ ದರ ಕಡಿಮೆ ಮಾಡಿದರು, ಮಾಲು ಕಳಿಸಿದವರು ಬಾಡಿಗೆಯಲ್ಲಿ ಹಿಡಿದುಕೊಂಡರು. ಚಾಚಾಗೆ ಸಂಬಳ ಟ್ರಿಪ್ ಲೆಕ್ಕದಲ್ಲಿ. ಎರಡು ದಿನದಲ್ಲಿ ಆಗಬೇಕಾದ ಟ್ರಿಪ್ ಐದು ದಿನಕ್ಕೆ ಆಯಿತು, ಕೈಗೆ ಬಂದದ್ದು ಒಂದೇ ಟ್ರಿಪ್ಪಿನ ಹಣ.

ಮಳೆಯಲ್ಲಿ ಘಾಟಿ ಇಳಿಯಲು ಭಯವಾಗುವುದಿಲ್ಲವೇ ಎಂದು ಕೇಳಿದೆ. ‘ಓಡಿಸುವುದಕ್ಕೆ ಭಯ ಇಲ್ಲ ಬೇಟಾ. ನಿಲ್ಲಿಸಿ ಅಂತಾರೆ, ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳುವುದಿಲ್ಲ’ ಎಂದರು. ನಿಲ್ಲುವ ಜಾಗ ಎಂದರೆ ರಸ್ತೆ ಬದಿ, ಚಹಾದಂಗಡಿಯ ಮುಂದೆ. ಶಿರೂರಿನಲ್ಲಿ ಗುಡ್ಡ ಬಿದ್ದದ್ದು ಅಂಥ ಜಾಗದ ಮೇಲೆಯೇ. ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಗಳ ಡ್ರೈವರ್‌ಗಳು ಮಣ್ಣಿನಲ್ಲಿ, ಗಂಗಾವಳಿ ನದಿಯಲ್ಲಿ ಹೋದರು. ಗ್ಯಾಸ್ ಟ್ಯಾಂಕರ್ ಒಂದು ನೀರಿನಲ್ಲಿ ತೇಲಿತು. ಮರದ ದಿಮ್ಮಿ ಹೊತ್ತು ಕೇರಳಕ್ಕೆ ಹೊರಟಿದ್ದ ಲಾರಿಯನ್ನು ಅದರ ಡ್ರೈವರ್‌ನ ದೇಹದೊಂದಿಗೆ ನದಿಯಿಂದ ಎತ್ತಿದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತಕ್ಕೂ ಹೆಚ್ಚು ದಿನಗಳ ನಂತರ. ನಮ್ಮ ಅಂಗಡಿಗಳ ಗೋಡೌನನ್ನು ಲಾರಿಯ ಮೇಲೆ ಇಟ್ಟಿದ್ದೇವೆ ಎಂದು ಮೊದಲು ಹೇಳಿದೆನಲ್ಲ, ಆ ಗೋಡೌನಿನ ಕಾವಲುಗಾರ ಈ ಡ್ರೈವರ್. ಕಾವಲಿನ ಕೂಲಿ ಮಾತ್ರ ಅವನಿಗೆ ಯಾರೂ ಕೊಡುವುದಿಲ್ಲ. ದೊಡ್ಡ ಕಂಪನಿಗಳ ಒಪ್ಪಂದದಲ್ಲಿ ಹಾಲ್ಟಿಂಗ್ ಚಾರ್ಜ್ ಎಂದು ಒಂದು ಸಾಲು ಇರುತ್ತದಂತೆ. ಮಂಡಿಯ ಲೋಡಿಗೆ ಅದೂ ಇಲ್ಲ. ಮಾಲೀಕರಾದರೂ ದೊಡ್ಡವರೇ? ನಮ್ಮ ದೇಶದ ಲಾರಿ ಮಾಲೀಕರಲ್ಲಿ ಹೆಚ್ಚಿನವರದು ಒಂದೆರಡು ಲಾರಿ, ಹೆಚ್ಚೆಂದರೆ ಐದು. ಲಾರಿ ನಿಂತ ದಿನವೂ ಅವರ ಸಾಲದ ಕಂತು ನಿಲ್ಲುವುದಿಲ್ಲ.

ಡ್ರೈವರ್‌ಗಳು ತಾವಾಗಿಯೇ ನಿಂತಾಗ ಏನಾಗುತ್ತದೆ ಎಂಬುದು 2024ರ ಹೊಸ ವರ್ಷದ ದಿನ ಗೊತ್ತಾಯಿತು. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ಪ್ರಕಾರ ಅಪಘಾತದಲ್ಲಿ ಸಾವು ಸಂಭವಿಸಿ, ಚಾಲಕ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಸಜೆ. ಹಳೆಯ ಕಾನೂನಿನಲ್ಲಿ ನಿರ್ಲಕ್ಷ್ಯದಿಂದ ಆದ ಸಾವಿಗೆ ಎರಡು ವರ್ಷದವರೆಗೆ ಇತ್ತು. ಸತ್ತವರ ಮನೆಯವರ ಕಡೆಯಿಂದ ನೋಡಿದರೆ ಹೊಸ ನಿಯಮದ ಉದ್ದೇಶ ಅರ್ಥವಾಗುತ್ತದೆ. ಅಲ್ಲೇ ನಿಂತರೆ ಜನ ಹೊಡೆದು ಸಾಯಿಸುತ್ತಾರೆ ಎಂಬ ಡ್ರೈವರ್‌ಗಳ ಭಯವೂ ಸುಳ್ಳಲ್ಲ. ಜನವರಿ 1 ಮತ್ತು 2ರಂದು ಹಲವು ರಾಜ್ಯಗಳಲ್ಲಿ ಅವರು ಲಾರಿ ಬಿಟ್ಟು ಇಳಿದರು. ಎರಡೇ ದಿನ. ಅಷ್ಟಕ್ಕೇ ಬಂಕ್‌ಗಳ ಮುಂದೆ ಮೈಲುದ್ದದ ಸಾಲು. ಚಂಡೀಗಢದಲ್ಲಿ ಆಡಳಿತವೇ ಬೈಕಿಗೆ 2 ಲೀಟರ್, ಕಾರಿಗೆ 5 ಲೀಟರ್ ಎಂದು ಮಿತಿ ಹಾಕಿತು. ಹೈದರಾಬಾದಿನಲ್ಲಿ ಊಟ ತಲುಪಿಸುವ ಹುಡುಗನೊಬ್ಬ ಬೈಕ್ ಬಿಟ್ಟು ಕುದುರೆ ಏರಿ ಹೋದ ವೀಡಿಯೊ ಎಲ್ಲರ ಮೊಬೈಲಿಗೂ ಬಂತು, ನಾವೂ ನಕ್ಕೆವು. 2ರ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿ ಸಾಗಣೆದಾರರ ಸಂಘದೊಂದಿಗೆ ಮಾತಾಡಿ, ಚರ್ಚಿಸದೆ ಆ ಕಲಂ ಜಾರಿ ಮಾಡುವುದಿಲ್ಲ ಎಂದರು. ಅದೇ ವರ್ಷ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಂ ಬಿಟ್ಟು ಬಂತು.

ಹಾಗಾದರೆ ಎಲ್ಲರೂ ಮಾಲು ಕೂಡಿಡಬೇಕೇ? ಇಲ್ಲಿ ಎಚ್ಚರ ಬೇಕು. ಬೆಲೆ ಏರಲಿ ಎಂದು ಜನರ ಆಹಾರವನ್ನು ಬಚ್ಚಿಡುವುದಕ್ಕೆ ನಮ್ಮ ಧರ್ಮದಲ್ಲಿ ಇಹ್ತಿಕಾರ್ ಎನ್ನುತ್ತಾರೆ, ಅದು ನಿಷಿದ್ಧ. 1955ರ ಅಗತ್ಯ ವಸ್ತುಗಳ ಕಾಯಿದೆಯೂ ದಾಸ್ತಾನಿಗೆ ಮಿತಿ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹಾಗೆಂದು ಎಲ್ಲ ದಾಸ್ತಾನೂ ಪಾಪವಲ್ಲ. ಸೂರಃ ಯೂಸುಫ್‌ನಲ್ಲಿ ಪ್ರವಾದಿ ಯೂಸುಫ್(ಅ) ಅವರು ಏಳು ಸಮೃದ್ಧ ವರ್ಷಗಳಲ್ಲಿ ತಿನ್ನುವಷ್ಟು ತೆಗೆದು ಉಳಿದ ಧಾನ್ಯವನ್ನು ತೆನೆಯಲ್ಲೇ ಬಿಟ್ಟು ಏಳು ಬರಗಾಲದ ವರ್ಷಗಳಿಗೆ ಉಳಿಸಲು ಹೇಳಿದ ಪ್ರಸಂಗ ನಮಗೆಲ್ಲ ಗೊತ್ತು. ವ್ಯತ್ಯಾಸ ಸರಳವಾಗಿದೆ. ಕೊರತೆ ಬಂದ ದಿನ ಒಬ್ಬನು ಗೋಡೌನ್ ಮುಚ್ಚುತ್ತಾನೆ, ಇನ್ನೊಬ್ಬನು ತೆರೆಯುತ್ತಾನೆ. ಮಳೆ ಬರುವ ಮೊದಲು ತುಂಬಿಸುವುದು ಒಂದು, ಮಳೆ ಬಂದು ದಾರಿ ಮುಚ್ಚಿದ ಮೇಲೆ ಅಂಗಡಿಗೆ ಓಡಿ ಹತ್ತು ಪ್ಯಾಕೆಟ್ ಎಣ್ಣೆ ಎತ್ತಿಕೊಂಡು ಬರುವುದು ಇನ್ನೊಂದು. ಎರಡನೆಯದನ್ನು ಮಾಡುವವರು ಸಾಮಾನ್ಯವಾಗಿ ವ್ಯಾಪಾರಿಗಳಲ್ಲ, ನಮ್ಮಂಥವರೇ.

ಮಲೆನಾಡಿನವರಿಗೂ ಕರಾವಳಿಯವರಿಗೂ ಮೊದಲನೆಯದು ಹೊಸತೇನಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಮಿಡಿ ಉಪ್ಪಿನಕಾಯಿ, ಒಣಮೀನು, ಒಣ ಸೌದೆ ಇವನ್ನೆಲ್ಲ ಮೇ ತಿಂಗಳಲ್ಲೇ ಮಾಡಿಟ್ಟುಕೊಂಡು ಮಳೆಗಾಲ ದಾಟುತ್ತಿದ್ದರು. ಆಗ ಮನೆಯೇ ಉಗ್ರಾಣ. ಆ ಕಾಲ ಬಹಳ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆ ಉಗ್ರಾಣವನ್ನು ನಡೆಸುತ್ತಿದ್ದದ್ದು ಮನೆಯ ಹೆಂಗಸರ ದುಡಿಮೆ, ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ದಾಸ್ತಾನಿಗೆ ಯಾವ ಕಾಲದಲ್ಲೂ ಖರ್ಚಿದೆ. ಆ ಖರ್ಚನ್ನು ಯಾರು ಹೊರಬೇಕು ಎಂಬುದೇ ಈಗಲೂ ಪ್ರಶ್ನೆ.

ನನ್ನ ಲೆಕ್ಕಕ್ಕೆ ಹಿಂತಿರುಗಿದರೆ, ಅಂಗಡಿಯವರು ಮೂವತ್ತು ದಿನದ ಮಾಲು ಇಡಬೇಕಾಗಿಲ್ಲ. ಮಳೆಗಾಲದ ಮೂರು ತಿಂಗಳು ಮಾತ್ರ ಐದು ದಿನದ ಬದಲು ಹತ್ತು ದಿನದ್ದು ಇಟ್ಟರೆ ಹೆಚ್ಚುವರಿ ದಾಸ್ತಾನು 50,000. ಶೇ 12ರಂತೆ ಮೂರು ತಿಂಗಳ ಬಡ್ಡಿ 1,500 ರೂಪಾಯಿ. ಎಲ್ಲ ಸರಕಿಗೂ ಬೇಡ, ಮಗುವಿನ ಹಾಲಿನ ಪುಡಿ, ಅಡುಗೆ ಎಣ್ಣೆ, ಇನ್ಸುಲಿನ್‌ನಂಥ ಕೆಲವಕ್ಕೆ ಸಾಕು ಎಂದರೆ ಇನ್ನೂ ಕಡಿಮೆ. ಅವಧಿ ಮೀರುವ ಔಷಧಿಗಳಿಗೆ ಮೆಡಿಕಲ್ ಶಾಪಿನವರು ಒಂದು ಮಾತು ಹೇಳಿದರು: ಖರ್ಚಾಗದ್ದನ್ನು ಸ್ಟಾಕಿಸ್ಟ್ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೆ ಇಡಲು ಅವರು ತಯಾರು. ಗೊಬ್ಬರದ ವಿಷಯದಲ್ಲಿ ಸಣ್ಣ ಅಂಗಡಿಯಿಂದ ಇದು ಆಗದು; ಸಹಕಾರ ಸಂಘಗಳ ಗೋಡೌನುಗಳು ಮೇ ತಿಂಗಳಲ್ಲೇ ತುಂಬಬೇಕು. ಮತ್ತು ಸಕಲೇಶಪುರದ ಮೇಲೆ, ಗುಂಡ್ಯದ ಕೆಳಗೆ ಗುಡ್ಡದಿಂದ ದೂರ ಲಾರಿ ನಿಲ್ಲಿಸಲು ಒಂದು ಬಯಲು, ಶೌಚಾಲಯ, ಕುಡಿಯುವ ನೀರು. ಇದು ಚಾಚಾ ಸೇರಿಸಿದ್ದು.

ನಮ್ಮ ವಾಣಿಜ್ಯ ಸಂಘದಿಂದ ಈ ಐದು ಅಂಗಡಿಗಳ ಪಟ್ಟಿಯನ್ನು ಐವತ್ತಕ್ಕೆ ಏರಿಸಬೇಕೆಂದು ನನ್ನ ಆಸೆ, ಉಪನ್ಯಾಸಕರೂ ಒಪ್ಪಿದ್ದಾರೆ. ಮನೆಯಲ್ಲಿ ಲಾರಿ ಲೈನಿನವರು ಇರುವ ಗೆಳೆಯರು ಅವರನ್ನು ಮೂರು ಪ್ರಶ್ನೆ ಕೇಳಿ ಬರೆದುಕೊಡಿ: ಕಳೆದ ಮಳೆಗಾಲದಲ್ಲಿ ಎಲ್ಲಿ, ಎಷ್ಟು ದಿನ ನಿಂತಿರಿ? ನಿಂತ ದಿನದ ಹಣ ಯಾರು ಕೊಟ್ಟರು? ಆಗ ಲಾರಿಯಲ್ಲಿ ಏನಿತ್ತು? ಹೆಸರು ಬೇಡ, ಲಾರಿ ನಂಬರೂ ಬೇಡ. ಚೀಟಿಗಳನ್ನು ಗ್ರಂಥಾಲಯದ ಮೇಜಿನ ಮೇಲಿರುವ ವಾರ್ತಾಪತ್ರದ ಡಬ್ಬಿಯಲ್ಲಿ ಹಾಕಿದರೆ ಸಾಕು.